ಹೈಸ್ಕೂಲ್ ಮೈದಾನದ ಚಾರ್ಮಿನಾರ್

ನಮ್ ದಾವಣಗೆರೆ ಹೈಸ್ಕೂಲ್ ಮೈದಾನಕ್ಕೆ ಎಕ್ಸಿಬಿಷನ್ ಬರೋದೇನು ಹೊಸದಲ್ಲ ಬಿಡ್ರಿ, ಅದೇ ಜಾಯಿಂಟ್ ವೀಲು, ಅದೇ ಮರಣಬಾವಿ, ಮಗು ಮುಖಕ್ಕಿಂತ ದೊಡ್ಡ ಡೆಲ್ಲಿ ಹಪ್ಪಳ. ಆದ್ರೆ ಈ ಸಲ ಬಂದವರು ಸ್ವಲ್ಪ ಜೋರಿದ್ರು, ಪ್ಲೈವುಡ್ಡು ಥರ್ಮಾಕೋಲು ಸೇರಿಸಿ ಇಡೀ "ಹಳೇ ಹೈದರಾಬಾದ್" ಕಟ್ಟಿ ನಿಲ್ಲಿಸಿದ್ರು. ಮಧ್ಯಕ್ಕೊಂದು ಚಾರ್ಮಿನಾರ್, ಅದರ ಪಕ್ಕ ಬಳೆ ಬಜಾರು, ಆಮೇಲೊಂದು ಇರಾನಿ ಚಹಾ ಹೋಟ್ಲು.

ನಾನು 2009ರಲ್ಲಿ ಟ್ರೇನಿಂಗ್ ಅಂತ ಮೂರು ದಿನ ಹೈದರಾಬಾದಿಗೆ ಹೋಗಿ ಬಂದವನು. ಅದ್ರಲ್ಲಿ ಎರಡು ದಿನ ಹೊಟ್ಟೆ ಕೆಟ್ಟು ಲಾಡ್ಜಲ್ಲೇ ಮಲಗಿದ್ದೆ, ಆದ್ರೆ ಅದು ಮನೇಲಿ ಯಾರಿಗೂ ಗೊತ್ತಿಲ್ಲ. ಹಂಗಾಗಿ ಟಿಕೆಟ್ ತಗೊಂಡು ಒಳಗೆ ಕಾಲಿಟ್ಟಿದ್ದೇ ತಡ ನಾನೇ ಗೈಡು. ಹೆಂಡ್ತಿ, ಅವ್ವ, ಮಗ ಮೂರೂ ಜನನ್ನ ನಿಲ್ಲಿಸಿ, ಮೊದ್ಲು ಉಗಾದಿಗೆ ತಗೊಂಡ ನೀಲಿ ಶರ್ಟಲ್ಲಿ ಚಾರ್ಮಿನಾರ್ ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಮಡಚಿ ಹೀರೋ ಥರ ಫೋಟೋ ತೆಗೆಸ್ಕೊಂಡೆ. ಅಲ್ಲಿಂದ ಶುರುವಾಯ್ತು ನೋಡ್ರಿ, 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾ ಕಟ್ಟಿಸಿದ್ದು, ಮೇಲಕ್ಕೆ ಹೋಗಾಕೆ ಸುತ್ತು ಮೆಟ್ಲು 149, ತುದಿ ಅಂತಸ್ತಲ್ಲಿ ಮಸೀದಿ ಐತೆ, ನಾಕೂ ಕಡೆ ಗಡಿಯಾರ ಮಾತ್ರ ಆಮೇಲೆ 1889ರಲ್ಲಿ ಕೂರಿಸಿದ್ದು ಅಂತ.

ವಿಚಿತ್ರ ಏನಂದ್ರೆ ಜನ ನನ್ ಹಿಂದೆ ಸೇರ್ತಾ ಬಂದ್ರು. ಮೊದ್ಲು ಇಬ್ರು ಕಾಲೇಜ್ ಹುಡುಗಿಯರು, ಆಮೇಲೆ ಒಂದು ಸಂಸಾರ, ಆಮೇಲೆ ಕಾಟನ್ ಕ್ಯಾಂಡಿ ಮಾರೋ ಹುಡುಗ. ಎಲ್ರ ಮುಖದಲ್ಲೂ ನಗು. ಪರವಾಗಿಲ್ಲ ನಮ್ಮೂರಲ್ಲೂ ಇತಿಹಾಸ ಕೇಳೋರು ಅದಾರೆ ಅಂತ ನಾನು ದನಿ ಇನ್ನೊಂದು ಸುತ್ತು ಏರಿಸಿದೆ. ಹೆಂಡ್ತಿ ಪಾಪ ಮುಂದೆ ಮುಂದೆ ಬಳೆ ನೋಡ್ತಾ ಹೋಗ್ತಿದ್ಲು, ಅವಳಿಗೆ ನನ್ ಭಾಷಣ ಹದಿನೇಳು ವರ್ಷದಿಂದ ಅಭ್ಯಾಸ, ತಿರುಗೇ ನೋಡಲ್ಲ.

ಮೊದಲನೇ ಎಡವಟ್ಟು ಆ ಗಡಿಯಾರದಿಂದಲೇ ಆಯ್ತು. ನಾವು ಒಳಗೆ ಬಂದಿದ್ದು ಆರೂವರೆಗೆ. ಸ್ವಲ್ಪ ಕತ್ತಲಾಗ್ತಿದ್ದಂಗೆ ಅವ್ವ "ಟೈಮೆಷ್ಟೋ?" ಅಂದ್ಲು, ನನ್ ಫೋನು ಮಗನ ಕೈಲಿ ಗೇಮ್ ಆಡಿ ಆಡಿ ಸತ್ತು ಹೋಗಿತ್ತು, ಅವನು ತಲೆ ಎತ್ತಿ ಚಾರ್ಮಿನಾರ್ ನೋಡಿ "ಹತ್ತೂ ಹತ್ತು ಅಜ್ಜಿ" ಅಂದ. ಅದು ಸ್ಟಿಕ್ಕರ್ ಗಡಿಯಾರ ಕಣ್ರೀ! ಅಷ್ಟರಲ್ಲಿ ಅವ್ವ "ಅಯ್ಯೋ ಹೊತ್ತು ಮೀರೈತಿ" ಅಂತ ಸಂಚಿಯಿಂದ ರಾತ್ರಿ ಗ್ಯಾಸ್ ಮಾತ್ರೆ ತೆಗೆದು ನುಂಗೇ ಬಿಟ್ಲು. ನುಂಗಿ ಅರ್ಧ ಗಂಟೆಗೆ ಊಟ ಮಾಡ್ಬೇಕು ಅಂತ ಡಾಕ್ಟ್ರು ಹೇಳಿರೋದು, ಅವ್ವನ ಪಾಲಿಗೆ ಡಾಕ್ಟ್ರ ಮಾತು ಶಾಸನ. ಏಳು ಗಂಟೆಗೆ ಊಟ ಎಲ್ಲಿಂದ ತರೋದು?

ಸರಿ ಇರಾನಿ ಹೋಟ್ಲಿಗೆ ನುಗ್ಗಿದ್ವಿ. ನಾನು ಬಿಡ್ತೀನಾ, ಉಸ್ಮಾನಿಯಾ ಬಿಸ್ಕತ್ತಿಗೆ ಆ ಹೆಸರು ಕೊನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್‌ನಿಂದ ಬಂದಿದ್ದು ಅಂತ ಹೇಳ್ತಾ ಚಹಾ ಕೊಡೋ ಹುಡುಗನಿಗೆ "ಆಪ್ ಹೈದರಾಬಾದ್ ಮೇ ಕಿಧರ್ ಸೇ?" ಅಂದೆ. ಅವನು "ಹರಿಹರ ಅಣ್ಣ" ಅಂದ. ಅವ್ವ ಬಿಸ್ಕತ್ತು ಅದ್ದಿದ್ಲು, ಅದು ಕಪ್ಪಲ್ಲೇ ಜಲಸಮಾಧಿ ಆಯ್ತು, "ಇದ್ಕಿಂತ ನಮ್ ಮಂಡಕ್ಕಿ ಮೆಣಸಿನಕಾಯಿ ಎಷ್ಟೋ ವಾಸಿ" ಅಂತ ಎದ್ದು ಹೊರಗಿನ ಗಾಡಿಗೇ ಹೋಗಿ ಹೊಟ್ಟೆ ತುಂಬಿಸ್ಕೊಂಡ್ಲು. ಮೆಣಸಿನಕಾಯಿ ತಿಂದ್ಮೇಲೆ ಆ ಗ್ಯಾಸ್ ಮಾತ್ರೆ ಗತಿ ಏನಾಯ್ತೋ ನಾನು ಕೇಳಾಕೆ ಹೋಗ್ಲಿಲ್ಲ.

ಆಗ ಬಳೆ ಬಜಾರಿಂದ "ರೀ..." ಅಂತ ದನಿ. ಈ "ರೀ"ಲಿ ಎರಡು ಥರ ಇರುತ್ತೆ, ಇದು ದುಡ್ಡಿನ "ರೀ" ಅಲ್ಲ, ಗಾಬರಿ "ರೀ". ಹೋಗಿ ನೋಡಿದ್ರೆ ಎಡಗೈಲಿ ಹರಳು ಕೂರಿಸಿದ ಅರಗಿನ ಬಳೆ ಹತ್ತಿದೆ, ಇಳೀತಿಲ್ಲ. ಅವಳದು ಎರಡು ಆರು ಸೈಜು, ಇದು ಎರಡು ನಾಕು. ಮಾರೋನು ಮಾತ್ರ ತಣ್ಣಗಿದ್ದ. ಹೈದರಾಬಾದಿನ ಅಸಲಿ ಬಳೆ ಬಜಾರು ಲಾಡ್ ಬಜಾರಲ್ಲಾದ್ರೆ ಪಕ್ಕದಲ್ಲೇ ಕೆಂಡ ಇರುತ್ತಂತೆ, ಅರಗು ಬಿಸಿ ಮಾಡಿ ಬಳೆ ಹಿಗ್ಗಿಸಿ ಕೊಡ್ತಾರಂತೆ, "ಇಲ್ಲಿ ಬೆಂಕಿ ಹಚ್ಚಾಕೆ ಪರ್ಮಿಷನ್ ಇಲ್ಲಕ್ಕ, ಎಲ್ಲಾ ಪ್ಲೈವುಡ್ಡು" ಅಂದ. ಅರಗಿನ ಮನೆಯಿಂದ ಪಾಂಡವರು ಸುರಂಗ ಮಾಡ್ಕೊಂಡು ಪಾರಾದ್ರು, ನನ್ ಹೆಂಡ್ತಿ ಕೈಗೆ ಆ ಸೌಲಭ್ಯನೂ ಇರ್ಲಿಲ್ಲ. ಬಜ್ಜಿ ಗಾಡಿಯಿಂದ ಒಂದು ಚಮಚ ಎಣ್ಣೆ ತಂದು ಸವರಿದ್ವಿ, ಸೋಪು ನೀರು ಹಾಕಿದ್ವಿ, ಪ್ಲಾಸ್ಟಿಕ್ ಕವರ್ ತೂರಿಸಿ ಎಳೆದ್ವಿ. ಕೈ ಜಾರ್ತು, ಬಳೆ ಜಾರ್ಲಿಲ್ಲ. ಕೊನೆಗೆ ಐನೂರು ಕೊಟ್ಟೆ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ, ರೇಟು ಅಷ್ಟಿರುತ್ತೆ ಅಂತ ಅವಳನ್ನ ಸಮಾಧಾನ ಮಾಡ್ತಿದ್ರೆ ಮಾರೋನೇ ಚಿಲ್ಲರೆ ಎಣಿಸ್ತಾ, "ಅಕ್ಕ ನೆಕ್ಸ್ಟ್ ಟೈಮ್ ನಮ್ಮೂರ ಚೌಕಿಪೇಟೆ ಅಂಗಡಿಗೇ ಬರ್ರಿ, ಅಲ್ಲಿ ಮುನ್ನೂರಕ್ಕೆ ಕೊಡ್ತೀನಿ, ಇಲ್ಲಿ ಸ್ಟಾಲ್ ಬಾಡಿಗೆ ಜಾಸ್ತಿ" ಅಂದ. ಆಗ ಹೆಂಡ್ತಿ ನನ್ನ ನೋಡಿದ ನೋಟ ಇಲ್ಲಿ ಬರೆಯಾಕಾಗಲ್ಲ.

ವಾಪಸ್ ಬರೋವಾಗ ಆಟೋದವ್ನು ಹಿಂದೆ ತಿರುಗಿ "ಸಾರ್, ಸ್ವಲ್ಪ ಸೀಟಿಗೆ ಒರಗ್ದಂಗೆ ಕೂತ್ಕಳ್ರಿ" ಅಂದ. ಸೀಟು ಹರಿದಿರ್ಬೇಕು ಅನ್ಕೊಂಡು ಪಿ.ಬಿ. ರೋಡ್ ಉದ್ದಕ್ಕೂ ನೆಟ್ಟಗೆ ಕೂತು, ಆ ಗುಂಪು ನನ್ ಮಾತು ಎಷ್ಟು ಚೆನ್ನಾಗಿ ಕೇಳ್ತು ಅಂತ ಮಗನಿಗೆ ಹೇಳ್ತಾ ಬಂದೆ. ಅವನು ಕಿಟಿಕಿಟಿ ನಕ್ಕ. ವಯಸ್ಸು, ಏನ್ ಕೇಳಿದ್ರೂ ನಗ್ತಾವೆ.

ಮನೇಲಿ ಲೈಟ್ ಹಾಕಿ ನಾನು ಚಪ್ಪಲಿ ಬಿಡಾಕೆ ಬಗ್ಗಿದೆ ನೋಡ್ರಿ, ಹಿಂದಿಂದ ಅವ್ವ "ತಡಿ, ತಡಿ, ನೆಟ್ಟಗಾಗಬ್ಯಾಡ" ಅಂತ ಕನ್ನಡಕ ಹುಡುಕಿದ್ಲು. ನೀಲಿ ಶರ್ಟಿನ ಬೆನ್ನು ತುಂಬಾ ಚಾರ್ಮಿನಾರಿನ ಕೆನೆ ಬಣ್ಣ, ಅದ್ರ ನಡುವೆ ಅಂಟ್ಕೊಂಡಿರೋ ಒಂದು ಹಾಳೆ. ಅವ್ವ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಬೀದಿಗೆಲ್ಲಾ ಕೇಳೋ ಹಂಗೆ ಓದಿದ್ಲು.

"ಬಣ್ಣ ಹಸಿ ಐತೆ. ಯಾರೂ ಮುಟ್ಟಬೇಡಿ."