ಇಪ್ಪತ್ನಾಲ್ಕು ಇಂಚಿನ ಗಾಂಭೀರ್ಯ

ಸುದ್ದಿ ಹಳೆಯದಾಯಿತು, ನೀವೂ ಓದಿರುತ್ತೀರಿ. ಅಮೆರಿಕದ ಭಾರೀ ಎಸ್‌ಯುವಿಗಳಾದ ಷೆವ್ರೊಲೆ ಟಾಹೋ ಮತ್ತು ಸಬರ್ಬನ್‌ಗಳ 2025ರ ಮಾದರಿಗೆ ಬೇಕೆಂದವರಿಗೆ ಕಂಪನಿಯೇ 24 ಇಂಚಿನ ರಿಮ್, ಅಂದರೆ ಟೈರು ಕೂರುವ ಲೋಹದ ಚಕ್ರ, ಜೋಡಿಸಿಕೊಡುತ್ತಿದೆ. ಅಲ್ಲಿಗೆ ಗಾಡಿಗೆ ದೊಡ್ಡ ಚಕ್ರ ಹಾಕಿಸುವ ಚಪಲಕ್ಕೆ ಮಂಗಳ ಹಾಡಿದಂತಾಯಿತು ಎಂದುಕೊಂಡಿದ್ದೆ. ಇಷ್ಟು ದಿನ ಹೊರಗೆ ಹಾಕಿಸಿಕೊಳ್ಳುತ್ತಿದ್ದುದನ್ನು ಕಾರ್ಖಾನೆಯೇ ಕೊಟ್ಟ ಮೇಲೆ ಇನ್ನೇನು ಉಳಿಯಿತು? ನನ್ನ ಲೆಕ್ಕ ತಪ್ಪೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅಂಥದೇ ಗಾತ್ರದ ಗಾಡಿ ಕೊಂಡ ಮಹನೀಯರೊಬ್ಬರು ಬೀಗದ ಕೈಯ ಬಿಸಿ ಆರುವ ಮೊದಲೇ ಕೇಳಿದರು: “ಇದಕ್ಕೆ 26 ಹಿಡಿಸುತ್ತದೆಯೇ?”

ಮಹತ್ವಾಕಾಂಕ್ಷೆ ಎಂದರೆ ಇದು. ನಮಸ್ಕಾರ ಮಾಡಿದೆ.

ಮೂವತ್ತು ವರ್ಷಗಳ ಹಿಂದೆ ಇದೇ ಟಾಹೋ ಹೊರಬಂದಾಗ ಅದರ ಕಾಲಲ್ಲಿದ್ದುದು 15, 16 ಇಂಚಿನ ರಿಮ್. ಬಡಪಾಯಿ ಗಾಡಿ, ಹೇಗೆ ತಲೆ ಎತ್ತಿಕೊಂಡು ತಿರುಗಿತೋ. ಆಗಿನ 245/75ಆರ್16 ಟೈರಿನಲ್ಲಿ (ಈ ಬರಹದ ಅರ್ಥ ಮುಂದೆ ನೋಡೋಣ) ರಿಮ್ಮಿನ ಅಂಚಿನಿಂದ ನೆಲದವರೆಗೆ 184 ಮಿಲಿಮೀಟರ್ ರಬ್ಬರ್ ಇತ್ತು. ಈಗ 285/40ಆರ್24 ಹಾಕಿದರೆ ಇರುವುದು 114. ಟೈರು ಸೇರಿ ಚಕ್ರದ ಒಟ್ಟು ವ್ಯಾಸ ಹೆಚ್ಚಿದ್ದು 64 ಮಿಲಿಮೀಟರ್, ಎರಡೂವರೆ ಇಂಚು ಮಾತ್ರ. ರಿಮ್ ಎಂಟು ಇಂಚು ಹಿಗ್ಗಿತಲ್ಲ, ಉಳಿದದ್ದು ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಲೋಹ ರಬ್ಬರನ್ನು ತಿಂದು ಬೆಳೆಯಿತು. “ನೆಲದಿಂದ ಎತ್ತರ ಸಿಗುತ್ತದೆ” ಎನ್ನುವವರಿಗೆ ಸಿಗುವ ಎತ್ತರ, ಆ 64ರಲ್ಲಿ ಅರ್ಧ. 32 ಮಿಲಿಮೀಟರ್. ಒಂದು ಬೆಂಕಿಪೊಟ್ಟಣವನ್ನು ಅಡ್ಡ ನಿಲ್ಲಿಸಿದಷ್ಟು.

ಎರಡೂವರೆ ಟನ್ ಗಾಡಿಯನ್ನು ಹೊರುವುದು ರಬ್ಬರೂ ಅಲ್ಲ, ರಿಮ್ಮೂ ಅಲ್ಲ, ಒಳಗಿರುವ ಗಾಳಿ. ಆ ಗಾಳಿಗೆ ಜಾಗವಿಲ್ಲದಂತೆ ಮಾಡಿ, ಗುಂಡಿಗೆ ಬಿದ್ದಾಗ ರಿಮ್ ಸೊಟ್ಟಗಾಯಿತು, ಟೈರಿನ ಪಕ್ಕೆಯಲ್ಲಿ ಗುಳ್ಳೆ ಎದ್ದಿತು ಎಂದು ರಸ್ತೆಯವರನ್ನು ಬೈಯುವುದು ಮುಂದಿನ ಹಂತ. ರಸ್ತೆಯವರನ್ನು ಬೈಯಲು ಬೇರೆ ಕಾರಣಗಳು ಬೇಕಾದಷ್ಟಿವೆ. ಇದೊಂದನ್ನು ಬಿಡಬಹುದು.

ಟೈರಿನ ಮೇಲಿನ ಬರಹದ ವಿಷಯ ಬಂತಲ್ಲ, ಸ್ವಲ್ಪ ನಿಲ್ಲೋಣ. ಆಧುನಿಕ ನಾಗರಿಕತೆಯಲ್ಲಿ ಇಂಥ ಇನ್ನೊಂದು ಶಾಸನ ಸಿಗಲಿಕ್ಕಿಲ್ಲ. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕೆಯ ಎತ್ತರ, ಆದರೆ ಮಿಲಿಮೀಟರಿನಲ್ಲಲ್ಲ, ಅಗಲದ ಶೇಕಡಾ ಲೆಕ್ಕದಲ್ಲಿ. ಆಮೇಲೆ ಆರ್ ಎಂಬ ಒಂದಕ್ಷರ, ಅಂದರೆ ರೇಡಿಯಲ್, ಟೈರಿನ ಒಳನೇಯ್ಗೆಯ ಬಗೆ. ಕೊನೆಗೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಯಾವ ಸಭೆಯಲ್ಲಿ ಯಾರಿಗೆ ಯಾರು ಸೋತು ಈ ರಾಜಿಯಾಯಿತೋ ದೇವರೇ ಬಲ್ಲ. 1970ರ ದಶಕದಲ್ಲಿ ಮಿಷೆಲಿನ್ ಕಂಪನಿ ಟಿಆರ್‌ಎಕ್ಸ್ ಎಂಬ ಟೈರು ತಂದು, ರಿಮ್ಮನ್ನೂ ಮಿಲಿಮೀಟರಿನಲ್ಲೇ ಅಳೆದು, 390 ಎಂದೆಲ್ಲ ಬರೆದು ಈ ಗೊಂದಲ ಬಿಡಿಸಲು ನೋಡಿತು. ಆ ರಿಮ್ಮಿಗೆ ಆ ಟೈರೇ ಆಗಬೇಕು, ಮಾಮೂಲಿನದು ಕೂರುವುದಿಲ್ಲ. ಜನ ಬೇಸತ್ತರು. ಇಂಚು ಗೆದ್ದಿತು. ಗೊಂದಲವೂ ಗೆದ್ದಿತು.

ಈ ಶೇಕಡಾವಾರು ಎಷ್ಟು ಜನರನ್ನು ಬೀಳಿಸಿದೆ ಎಂದರೆ, “ಅಗಲ ಮಾತ್ರ ಹೆಚ್ಚಿಸಿದ್ದೇನೆ, ಎತ್ತರ ಮುಟ್ಟಿಲ್ಲ” ಎಂದು ಆಣೆ ಮಾಡಿ ಹೇಳುವವರು ಎಲ್ಲೆಲ್ಲೂ ಸಿಗುತ್ತಾರೆ. ಸ್ವಾಮಿ, 285ರ ಶೇಕಡಾ 40 ಬೇರೆ, 305ರ ಶೇಕಡಾ 40 ಬೇರೆ. ಅದೇ ಬರಹದ ಕೊನೆಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ಆ ಟೈರು ಎಷ್ಟು ಭಾರ ತಾಳುತ್ತದೆ ಎಂದು ಹೇಳುವ ಅಂಕಿ. 113 ಎಂದರೆ 1150 ಕಿಲೋ. ಏಳು ಜನರನ್ನು, ಅವರ ಪೆಟ್ಟಿಗೆಗಳನ್ನು ಹೊತ್ತು ಸಾಗುವ ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಅದೇ. ಓದಿದವರನ್ನು ನಾನು ನೋಡಿಲ್ಲ. ಹೊಳಪು ಕಪ್ಪೋ ಮಬ್ಬು ಕಪ್ಪೋ ಎಂಬ ಚರ್ಚೆಯಲ್ಲಿ ಅದಕ್ಕೆ ಪುರುಸೊತ್ತೆಲ್ಲಿ?

ಇದು ರಿಮ್ ಪಂಥದ ಕಥೆ. ಇನ್ನೊಂದು ಪಂಥದವರು ರಬ್ಬರ್ ಭಕ್ತರು. ಇವರಿಗೆ 35 ಇಂಚಿನ (ಇದು ರಿಮ್ಮಿನದಲ್ಲ, ಇಡೀ ಟೈರಿನ ವ್ಯಾಸ) ಟೈರು ಬೇಕು, ಅದರ ಮೇಲೆ ಕೆಸರು ಬಗೆಯುವ ದಪ್ಪ ಹಲ್ಲುಗಳು ಬೇಕು. ಗಾಡಿ ಕೆಸರು ಕಾಣುವುದಿಲ್ಲ ಎಂಬುದು ಅಪ್ರಸ್ತುತ. ಆ ಹಲ್ಲುಗಳು ನುಣುಪಾದ ಡಾಂಬರಿನ ಮೇಲೆ ದಾರಿಯುದ್ದಕ್ಕೂ ಊಳಿಡುತ್ತವೆ, ಒಳಗೆ ಕುಳಿತವರು ಅದನ್ನು ಸಾಹಸ ಎಂದು ಅನುಭವಿಸುತ್ತಾರೆ.

ಟೈರು ಬಂದ ಮೇಲೆ ಗಾಡಿಗೆ ಹಿಡಿಸುವುದಿಲ್ಲ ಎಂದು ತಿಳಿಯುತ್ತದೆ. ಆಗ ನಡೆಯುವ ಶಸ್ತ್ರಚಿಕಿತ್ಸೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಲ್ಲಿಸಿರುತ್ತಾರೆ. ಒಬ್ಬಾತ ಚಕ್ರದ ಹಿಂದೆ ಮಲಗಿ, ಬಿಸಿಗಾಳಿಯ ಯಂತ್ರದಿಂದ ಫೆಂಡರಿನ ಒಳಗಿನ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಹಿಂದಕ್ಕೆ ಒತ್ತುತ್ತಾನೆ. ಒತ್ತಿದರೆ ಹೋಗದ್ದನ್ನು ಬ್ಲೇಡಿನಿಂದ ಕೊಯ್ಯುತ್ತಾನೆ. ಮಡ್‌ಫ್ಲ್ಯಾಪ್ ಕಿತ್ತು ಮೂಲೆಗೆ ಬೀಳುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದ ಲೋಹದ ಅಂಚಿಗೆ ಗರಗಸ ತಾಗಿ ಕಿಡಿ ಹಾರುತ್ತದೆ. ಹೊಸ ಗಾಡಿ, ನೆನಪಿರಲಿ. ಕೊನೆಗೆ ಮಾಲೀಕರು ಅತ್ತಿತ್ತ ಒಂದು ಸುತ್ತು ಹಾಕಿ ಬಂದು, “ಹಿಂದಕ್ಕೆ ತೆಗೆಯುವಾಗ ಮಾತ್ರ ಸ್ವಲ್ಪ ಉಜ್ಜುತ್ತದೆ” ಎಂದು ಹೆಮ್ಮೆಯಿಂದ ಸಾರುತ್ತಾರೆ. ಎಲ್ಲರೂ ಕೈ ಕುಲುಕುತ್ತಾರೆ.

ಉಜ್ಜುವುದಕ್ಕೂ ಮದ್ದಿದೆ. ಲಿಫ್ಟ್ ಕಿಟ್ ಹಾಕಿ ಗಾಡಿಯನ್ನೇ ಮೇಲೆತ್ತುವುದು, ಸ್ಪೇಸರ್ ಕೊಟ್ಟು ಚಕ್ರವನ್ನು ಹೊರಗೆ ತಳ್ಳುವುದು. ಮೇಲೆತ್ತಿದರೆ ಆಕ್ಸಲ್ ಜಾಯಿಂಟುಗಳು ಸೊಟ್ಟ ಕೋನದಲ್ಲಿ ತಿರುಗಿ ಸವೆಯುತ್ತವೆ. ಹೊರಗೆ ತಳ್ಳಿದರೆ ಬೇರಿಂಗೂ ಬಾಲ್ ಜಾಯಿಂಟೂ ನರಳುತ್ತವೆ. ಇಂಜಿನ್‌ಗೆ ಆ ಚಕ್ರ ತಿರುಗಿಸಲು ಉಸಿರು ಸಾಲದಾಗಿ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗೇರನ್ನೇ ಬದಲಿಸಬೇಕು ಎಂದು ಯಾರೋ ಹೇಳುತ್ತಾರೆ. ಮೂಗಿಗಿಂತ ಮೂಗುತಿ ಭಾರವಾದಾಗ ನಾವು ಮೂಗುತಿ ತೆಗೆಯುವ ಜಾತಿಯಲ್ಲ, ಮೂಗಿಗೆ ಊರುಗೋಲು ಕೊಡಿಸುವ ಜಾತಿ.

ಮತ್ತೆ ಹತ್ತುವುದು ಹೇಗೆ? ಗಾಡಿ ಎತ್ತರವಾಯಿತು, ಮನೆಯ ಹಿರಿಯರ ಮಂಡಿ ಎತ್ತರವಾಗಲಿಲ್ಲ. ಅದಕ್ಕೆ ಬಾಗಿಲು ತೆರೆದರೆ ತಾನಾಗಿ ಕೆಳಗಿಳಿಯುವ, ಮೋಟಾರು ಜೋಡಿಸಿದ ಮೆಟ್ಟಿಲು. ಇನ್ನೂ ಮೇಲ್ದರ್ಜೆಯ ಗಾಡಿಗಳಲ್ಲಿ ಗಾಳಿ ಸಸ್ಪೆನ್ಷನ್ ಇರುತ್ತದೆ, ನಿಲ್ಲಿಸಿದ ಕೂಡಲೇ ಗಾಡಿಯೇ ತಗ್ಗಿ ಒಡೆಯರನ್ನು ಬರಮಾಡಿಕೊಳ್ಳುತ್ತದೆ. ಎತ್ತರಕ್ಕೆ ಕಟ್ಟಿದ್ದನ್ನು ತಗ್ಗಿಸುವ ಯಂತ್ರ! ಇದರ ಮುಂದೆ ವಿಡಂಬನೆ ಬರೆಯುವವನಿಗೆ ಕೆಲಸವೇ ಉಳಿದಿಲ್ಲ.

ಸ್ಪೀಡೋಮೀಟರಿನ ಮಜವೇ ಬೇರೆ. ಅದು ಚಕ್ರದ ಸುತ್ತುಗಳನ್ನು ಎಣಿಸುವ ಸಾಧನ, ಚಕ್ರ ದೊಡ್ಡದಾದದ್ದು ಅದಕ್ಕೆ ಗೊತ್ತಿಲ್ಲ. 32 ಇಂಚಿನ ಜಾಗಕ್ಕೆ 35 ಹಾಕಿ ಹಾಗೇ ಬಿಟ್ಟರೆ, ಮುಳ್ಳು 100 ತೋರಿಸುವಾಗ ಗಾಡಿ 109ರಲ್ಲಿ ಓಡುತ್ತಿರುತ್ತದೆ. ಮೀಟರಿನಲ್ಲಿ ಕಿಲೋಮೀಟರೂ ಕಡಿಮೆ ಏರುತ್ತದೆ. ಗಾಡಿ ಮಾರುವಾಗ “ಹೆಚ್ಚು ಓಡಿಸಿಲ್ಲ” ಎನ್ನಬಹುದು, ಸುಳ್ಳು ಹೇಳಿದ್ದು ಯಂತ್ರ.

ಇಲ್ಲಿಯವರೆಗಿನದು ಅವರವರ ದುಡ್ಡು, ಅವರವರ ಬೆನ್ನುಮೂಳೆ. ನಗಬಹುದು. ಆದರೆ ಅದೇ 35 ಇಂಚಿನ ಚಕ್ರದಲ್ಲಿ ಬ್ರೇಕನ್ನು ಮೊದಲಿನಷ್ಟೇ ಒತ್ತಿದರೆ ನೆಲದ ಮೇಲೆ ಸಿಗುವ ತಡೆ ಶೇಕಡಾ 8ಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಡಿಸ್ಕ್ ಹಳೆಯದೇ, ಪ್ಯಾಡ್ ಹಳೆಯದೇ, ಎದುರಿಗೆ ಅಡ್ಡ ಬರುವ ಮನುಷ್ಯನೂ ಹಳೆಯ ಮಾದರಿಯವನೇ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ಹೇಳಿದ್ದು ಇಷ್ಟು: ಬಾನೆಟ್ ಎತ್ತರ 40 ಇಂಚು ಮೀರಿದ ವಾಹನ ಬಡಿದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಾಧ್ಯತೆ ಶೇಕಡಾ 45ರಷ್ಟು ಹೆಚ್ಚು. ಅಂಥ ಗಾಡಿಯನ್ನು ಇನ್ನೂ ಮೇಲೆತ್ತುತ್ತಾರೆ. ಮೂತಿಯ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಹೆಡ್‌ಲೈಟ್ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ತಗ್ಗಿಸಲು ಒಂದು ಸ್ಕ್ರೂ ತಿರುಗಿಸಿದರೆ ಸಾಕು. ಅದೂ ಆಗುವುದಿಲ್ಲ. ನಗು ಬರುತ್ತಿಲ್ಲ ಈಗ.

2000ನೇ ಇಸವಿಯಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿ ಮತ್ತು ಓಡುವಾಗಲೇ ಪದರ ಕಳಚುತ್ತಿದ್ದ ಅದರ ಫೈರ್‌ಸ್ಟೋನ್ ಟೈರುಗಳ ಹಗರಣ ಹೊರಬಿದ್ದು, 270ಕ್ಕೂ ಹೆಚ್ಚು ಸಾವು ಲೆಕ್ಕಕ್ಕೆ ಸಿಕ್ಕಿ, ಅಮೆರಿಕ ಕಾನೂನು ಮಾಡಿದ ಮೇಲೆ ಅಲ್ಲಿನ ಕಾರುಗಳಲ್ಲಿ ಟೈರಿನ ಗಾಳಿ ಕಡಿಮೆಯಾದರೆ ಉರಿಯುವ ಹಳದಿ ದೀಪ ಕಡ್ಡಾಯವಾಗಿ ಬಂತು. ಹೊಸ ರಿಮ್ ಹಾಕಿಸುವಾಗ ಆ ಸೆನ್ಸರುಗಳನ್ನು ಹಳೆಯ ಚಕ್ರದಲ್ಲೇ ಬಿಟ್ಟುಬಿಡುತ್ತಾರೆ. ದೀಪ ಉರಿಯುತ್ತಲೇ ಇರುತ್ತದೆ. ಕಿರಿಕಿರಿ ಎಂದು ಅದರ ಮೇಲೆ ಕಪ್ಪು ಟೇಪು ಅಂಟಿಸುತ್ತಾರೆ. ಇದಕ್ಕೆ ಏನು ಬರೆಯಲಿ? ಅಷ್ಟು ಜನ ಸತ್ತು ಬಂದ ದೀಪ ಅದು, ಮಾರಾಯರೇ.

ಇರಲಿ. ಕೊನೆಯದಾಗಿ ಸ್ಟೆಪ್ನಿ. ಗಾಡಿಯ ಹೊಟ್ಟೆಯ ಕೆಳಗೆ ನೇತಾಡುವ ಆ ಐದನೆಯ ಚಕ್ರ ಮಾತ್ರ ಇನ್ನೂ ಕಂಪನಿ ಕೊಟ್ಟ ಹಳೆಯ ಅಳತೆಯದೇ. ದೊಡ್ಡದು ಆ ಗೂಡಿನಲ್ಲಿ ಕೂರುವುದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಮೂರು ದೊಡ್ಡದು, ಒಂದು ಚಿಕ್ಕದು ಹಾಕಿ ಓಡಿಸಿದರೆ ಡಿಫರೆನ್ಷಿಯಲ್ ಬೇಯುತ್ತದೆ. ಇಷ್ಟೆಲ್ಲ ಮಾಡಿದವರು ಇದೊಂದಕ್ಕೆ ಏಕೆ ದಾರಿ ಹುಡುಕಲಿಲ್ಲ ಎಂದು ಆ 26 ಇಂಚಿನ ಮಹನೀಯರನ್ನೇ ಕೇಳಿದೆ.

“ಅದು ಹೊರಗೆ ಕಾಣುವುದಿಲ್ಲವಲ್ಲ” ಎಂದರು.