ಚಾಸಿ ಕೆಳಗಿನ ಸ್ಟೀಲ್ ಪೈಪು ಅಂದ್ರೆ ಯಾಕಿಷ್ಟು ತಾತ್ಸಾರ?

ಹಳೇ ಗಾಡಿಯಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕಿತ್ತು ಎಂಪಿಎಫ್‌ಐ, ಅಂದ್ರೆ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕೂರಿಸುವವರನ್ನು ಗಮನಿಸಿ. ಮೊದಲು ದುಡ್ಡು ಸುರಿಯುವುದೇ ಮಿರಮಿರ ಮಿಂಚುವ, ಸ್ಟೀಲ್ ತಂತಿ ಹೆಣೆದ ಬ್ರೇಡೆಡ್ ಹೋಸ್ ಮೇಲೆ. ಟ್ಯಾಂಕಿನಿಂದ ಎಂಜಿನ್ ತನಕ ಹೊಸದಾಗಿ ಎಳೆಯುತ್ತಾರೆ. ಕಂಪನಿಯವರೇ ಹಾಕಿಕೊಟ್ಟ ಪೆಟ್ರೋಲಿನ ಸ್ಟೀಲ್ ಪೈಪು ಗುಜರಿಗೆ ಹೋಗುತ್ತದೆ. ನನ್ನ ಪ್ರಕಾರ ಇದು ದುಡ್ಡೂ ದಂಡ, ಕೆಲಸವೂ ದಂಡ.

ಮಾರುತಿ ಜಿಪ್ಸಿಯನ್ನೇ ತಗೊಳ್ಳಿ. 1985ರಲ್ಲಿ ನಮ್ಮಲ್ಲಿ ಬಂದ ಗಾಡಿ. ಹೊರದೇಶದ ಸುಜುಕಿ ಸಮುರಾಯ್ ಇದರ ದಾಯಾದಿ. ಸಮುರಾಯ್ ಚಾಸಿಯ ಉದ್ದಕ್ಕೂ ಮೂರು ಪೈಪು ಓಡುತ್ತವೆ. ಒಂದು ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಫೀಡ್, ಒಂದು ಮಿಕ್ಕಿದ್ದನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್, ಇನ್ನೊಂದು ಟ್ಯಾಂಕಿನ ಆವಿ ಒಯ್ಯುವ ಬ್ರೀದರ್. ಅಮೆರಿಕದಲ್ಲಿ ಇದಕ್ಕೆ 1.6 ಲೀಟರ್ ಇಂಜೆಕ್ಷನ್ ಎಂಜಿನ್ ಕೂರಿಸುವವರಲ್ಲಿ ಎಷ್ಟೋ ಜನ ಈ ಪೈಪುಗಳನ್ನೇ ಬಳಸಿಕೊಳ್ಳುತ್ತಾರೆ. ನಮ್ಮಲ್ಲೂ 60 ಬಿಎಚ್‌ಪಿಯ ಕಾರ್ಬುರೇಟರ್ ಜಿಪ್ಸಿಗೆ 80 ಬಿಎಚ್‌ಪಿಯ ಎಂಪಿಎಫ್‌ಐ ಎಂಜಿನ್ ಹಾಕಬೇಕು ಅನ್ನೋರಿಗೆ ಕಮ್ಮಿಯಿಲ್ಲ.

ಆ ಪೈಪಿನಲ್ಲಿ ಬೆಲೆ ಇರುವುದು ಕಬ್ಬಿಣಕ್ಕಲ್ಲ, ಅದು ಹೋಗುವ ದಾರಿಗೆ. ಸೈಲೆನ್ಸರ್ ಬಿಸಿ ತಾಗಬಾರದು, ಕಲ್ಲು ಹೊಡೆಯಬಾರದು, ಅಲುಗಾಟಕ್ಕೆ ಸವೆಯಬಾರದು ಅಂತ ಯಾರೋ ಕೂತು ಯೋಚಿಸಿ, ಚಾಸಿಯ ಮರೆಯಲ್ಲಿ ಕ್ಲಿಪ್ ಹೊಡೆದು ಕೂರಿಸಿರುತ್ತಾರೆ. ನಾವು ಪ್ಲಾಸ್ಟಿಕ್ ಟೈ ಬಿಗಿದು ನೇತುಹಾಕುವ ಬ್ರೇಡೆಡ್ ಹೋಸ್ ಸಕಲೇಶಪುರದ ಕಾಡುದಾರಿಯಲ್ಲಿ ಎಷ್ಟು ದಿನ ಬಾಳೀತು? ಅದರ ಹೊರಗಿನ ಸ್ಟೀಲ್ ಹೆಣಿಗೆ ಅರದ ಥರ. ಪಕ್ಕದ ವೈರನ್ನೂ ತಿನ್ನುತ್ತದೆ, ಬ್ರೇಕ್ ಪೈಪನ್ನೂ ತಿನ್ನುತ್ತದೆ.

"ಕಾರ್ಬುರೇಟರ್ ಕಾಲದ ಪೈಪು ಪ್ರೆಷರ್ ತಡೆಯುತ್ತಾ ಸರ್?" ಅಂತ ಕೇಳುತ್ತಾರೆ. ಕೇಳಬೇಕಾದ್ದೇ. ಕಾರ್ಬುರೇಟರ್‌ಗೆ ನಾಲ್ಕೈದು ಪಿಎಸ್‌ಐ (ಪ್ರೆಷರ್ ಅಳೆಯುವ ಲೆಕ್ಕ) ಸಾಕು, ಇಂಜೆಕ್ಷನ್‌ಗೆ ಸುಮಾರು 40 ಬೇಕು. ಇನ್ನೂ ತುಕ್ಕು ಹಿಡಿದಿರದ ಸ್ಟೀಲ್ ಪೈಪಿಗೆ 40 ಏನೇನೂ ಅಲ್ಲ. ಕೈಕೊಡುವುದು ಎರಡು ತುದಿಯ ರಬ್ಬರು. ಹೋಸ್ ಮೇಲಿನ ಅಚ್ಚು ಓದಿ. 30ಆರ್7 ಅಂತ ಇದ್ದರೆ ಅದು 50 ಪಿಎಸ್‌ಐ ಲೆಕ್ಕದ್ದು, ಇಂಜೆಕ್ಷನ್‌ಗೆ ಬೇಡ. 30ಆರ್9 ಆದರೆ 100ರ ಲೆಕ್ಕದ್ದು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ 30ಆರ್10 ಬೇಕು. ಪೈಪಿನ ತುದಿಯಲ್ಲಿ ಉಬ್ಬಿದ ಬಳೆಯಂಥ ಅಂಚು ಇರುತ್ತದಲ್ಲ, ಹೋಸ್ ಜಾರದಂತೆ ಹಿಡಿಯುವುದು ಅದೇ. ಪೈಪು ಕತ್ತರಿಸಿದರೆ ಆ ಉಬ್ಬನ್ನು ಮತ್ತೆ ಮಾಡಿಸಿ. ಬರೀ ಕ್ಲ್ಯಾಂಪ್ ನಂಬಬೇಡಿ.

ಜಾಸ್ತಿ ಜನ ಎಡವುವುದು ರಿಟರ್ನ್ ಲೈನ್ ವಿಷಯದಲ್ಲಿ. ರಿಟರ್ನ್ ಅಂದ್ರೆ ಉಳಿದ ಚೂರುಪಾರು ವಾಪಸ್ ಬರುವ ಪೈಪು, ಸಣ್ಣದಿದ್ದರೂ ನಡೆಯುತ್ತೆ ಅಂದುಕೊಳ್ಳುತ್ತಾರೆ. ಲೆಕ್ಕ ಉಲ್ಟಾ. ಗಾಡಿ ಐಡ್ಲಿಂಗ್‌ನಲ್ಲಿ ಇದ್ದಾಗ ಎಂಜಿನ್ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಪಂಪು ಗಂಟೆಗೆ 255 ಲೀಟರಿನದು ಹಾಕಿದ್ದೀರಿ ಅನ್ನಿ. ಹೆಚ್ಚುಕಮ್ಮಿ ಅಷ್ಟೂ ಪೆಟ್ರೋಲ್ ರಿಟರ್ನ್ ಪೈಪಿನಲ್ಲೇ ವಾಪಸ್ ಹೋಗಬೇಕು. 6 ಎಂಎಂ ಪೈಪಿನೊಳಗಿನ ಜಾಗ 8 ಎಂಎಂ ಪೈಪಿನ ಅರ್ಧದಷ್ಟೇ. ದಾರಿ ಸಾಲದೆ, ಪ್ರೆಷರ್ ಹದದಲ್ಲಿಡುವ ರೆಗ್ಯುಲೇಟರ್ ಸೋಲುತ್ತದೆ, ಪ್ರೆಷರ್ ಏರುತ್ತದೆ, ಗಾಡಿ ಕಪ್ಪು ಹೊಗೆ ಬಿಡುತ್ತದೆ. ಆಮೇಲೆ ಇಂಜೆಕ್ಷನ್ ನಡೆಸುವ ಕಂಪ್ಯೂಟರ್, ಅಂದ್ರೆ ಇಸಿಯು, ಸರಿಯಿಲ್ಲ ಅಂತ ಬೈಗುಳ!

ಅಷ್ಟಕ್ಕೂ 255 ಲೀಟರಿನ ಪಂಪು ಯಾಕೆ? 80 ಕುದುರೆಯ ಎಂಜಿನ್ ಪೂರ್ತಿ ದಮ್ಮು ಕಟ್ಟಿ ಓಡಿದರೂ ಗಂಟೆಗೆ 25 ಲೀಟರ್ ಆಸುಪಾಸು ಸಾಕು. ಸಾಧಾರಣ ಮಾರುತಿ ಪಂಪು ಹಾಕಿ, ಹಳೇ ರಿಟರ್ನ್ ಪೈಪೇ ಸುಧಾರಿಸುತ್ತದೆ. ಅನುಮಾನ ಇದ್ದರೆ ರೆಗ್ಯುಲೇಟರಿನ ರಿಟರ್ನ್ ಹೋಸ್ ಬಿಚ್ಚಿ ಒಂದು ಕ್ಯಾನಿಗೆ ಬಿಟ್ಟು ಪ್ರೆಷರ್ ಗೇಜ್ ನೋಡಿ. ಎಂಜಿನ್ ಆಫ್ ಇರಲಿ, ಪಂಪು ಮಾತ್ರ ಓಡಲಿ, ಬಯಲಲ್ಲಿ ಮಾಡಿ. ಮುಳ್ಳು ಕೆಳಗಿಳಿದರೆ ಪೈಪು ಕಟ್ಟಿದೆ ಅಥವಾ ಸಾಲುತ್ತಿಲ್ಲ ಅಂತ ಅರ್ಥ.

ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬಿ, ಅಂದ್ರೆ ಕ್ಯಾನಿಸ್ಟರ್, ಕಿತ್ತುಹಾಕಿದ ಗಾಡಿಯಲ್ಲಿ ಬ್ರೀದರ್ ಪೈಪು ಸುಮ್ನೆ ಬಿದ್ದಿರುತ್ತದೆ. ಅದನ್ನೇ ರಿಟರ್ನ್ ಮಾಡೋಣ ಅಂತ ಆಸೆ ಹುಟ್ಟುತ್ತದೆ. ಮಾಡಬಹುದು. ಆದರೆ ಗಾಡಿ ಮಗುಚಿದಾಗ ಪೆಟ್ರೋಲ್ ಸುರಿಯದಿರಲಿ ಅಂತ ಬ್ರೀದರ್ ದಾರಿಯಲ್ಲಿ ಒಂದು ವಾಲ್ವ್ ಇಟ್ಟಿರುವುದುಂಟು. ಅದಿದ್ದರೆ ರಿಟರ್ನ್ ಪೆಟ್ರೋಲ್ ಅಲ್ಲೇ ತಡೆದು ನಿಲ್ಲುತ್ತದೆ. ಟ್ಯಾಂಕಿಗೆ ಉಸಿರಾಡಲು ಬೇರೆ ದಾರಿಯೂ ಬೇಕಲ್ವಾ? ನಾನಂತೂ ಕ್ಯಾನಿಸ್ಟರ್ ಕೀಳುವುದೇ ಬೇಡ ಅನ್ನುವವನು.

ಇನ್ನು ಎಲ್‌ಪಿಜಿ ಕಿಟ್ ತೆಗೆಸಿದ ಗಾಡಿಗಳು. ಕೆಳಗೆ ತಾಮ್ರದ ಪೈಪು ಹಾಗೇ ಉಳಿದಿರುತ್ತದೆ, "ಇದರಲ್ಲೇ ಪೆಟ್ರೋಲ್ ಬಿಡೋಣ ಬಿಡಿ ಸರ್" ಅಂತ ಸಲಹೆ ಬರುತ್ತದೆ. ಖಂಡಿತ ಬೇಡ. ತಾಮ್ರ ತಾಗಿದರೆ ಪೆಟ್ರೋಲ್ ಬೇಗ ಕೆಟ್ಟು ಅಂಟುಕಟ್ಟುತ್ತದೆ. ಅಲುಗಾಡಿ ಅಲುಗಾಡಿ ಪೈಪೂ ಗಡುಸಾಗಿ ಬಿರುಕು ಬಿಡುತ್ತದೆ.

ಸ್ಟೀಲ್ ಪೈಪಿಗೂ ಕಣ್ಣುಮುಚ್ಚಿ ಸರ್ಟಿಫಿಕೇಟ್ ಕೊಡುತ್ತಿಲ್ಲ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಕ್ಲಿಪ್‌ಗಳನ್ನು ಬಿಚ್ಚಿಯೇ ನೋಡಬೇಕು. ಮಣ್ಣು, ನೀರು ನಿಂತು ತುಕ್ಕು ಶುರುವಾಗುವುದು ಅಲ್ಲೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆದ, ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಎಲ್ಲ ಕಡೆ ಇದೆ. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ತುಂಬಾ ದಿನ ನಿಂತಿದ್ದ ಗಾಡಿಯ ಪೈಪಿಗೆ ಗಾಳಿ ಹೊಡೆದು ಬಿಳಿ ಬಟ್ಟೆ ಮೇಲೆ ಏನು ಬೀಳುತ್ತದೆ ನೋಡಿ. ಕೆಂಪು ಪುಡಿ ಬಂದರೆ ಆ ಪೈಪಿನ ಆಸೆ ಬಿಡಿ. ಆದರೆ ಹೊಸ ಸ್ಟೀಲ್ ಪೈಪನ್ನು ಅದೇ ದಾರಿಯಲ್ಲಿ, ಅದೇ ಕ್ಲಿಪ್‌ಗಳಲ್ಲಿ ಬಗ್ಗಿಸಿ ಕೂರಿಸಿ.

ಆರ್‌ಟಿಒ ವಿಷಯ ಕೇಳಿಯೇ ಕೇಳುತ್ತೀರಿ. ಎಂಜಿನ್ ಬದಲಿಸಲು ಮೊದಲೇ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಹಾಗಾಗಿ ಪಂಪು, ಪೈಪು ಅಂತ ಓಡಾಡುವ ಮೊದಲು ಆರ್‌ಸಿ ಹಿಡಿದು ಒಮ್ಮೆ ಆರ್‌ಟಿಒ ಆಫೀಸಿಗೆ ಹೋಗಿ ಬನ್ನಿ.