ಎಂಟು ಪಾಯಿಂಟು, ಒಂದು ಉಪಸಂಹಾರ

ಮೊದಲ ಅಸೈನ್‌ಮೆಂಟ್ ವಾಪಸ್ ಬಂದಾಗ ಮೇಲೆ ‘ಸಿ’ ಅಂತಿತ್ತು. ಕೆಳಗೆ ಒಂದೇ ಸಾಲು: ‘ಇದರಲ್ಲಿ ನೀವೆಲ್ಲಿ?’

ಮೈಯೆಲ್ಲಾ ಉರಿದುಹೋಯಿತು. ಹಾಥಾರ್ನ್ ಪ್ರಯೋಗದ ಬಗ್ಗೆ ಬರೆಯಿರಿ ಅಂದಿದ್ದರು. ಏನು ಮಾಡಿದರೆ ಕೆಲಸಗಾರರು ಜಾಸ್ತಿ ದುಡಿಯುತ್ತಾರೆ ಅಂತ ಅಮೆರಿಕದ ಹಾಥಾರ್ನ್ ಫ್ಯಾಕ್ಟರಿಯಲ್ಲಿ ನಡೆಸಿದ ಹಳೇ ಪ್ರಯೋಗ. ತುಮಕೂರಲ್ಲಿ ಬಿಬಿಎಂ ಓದುವಾಗ ಅದು ಗ್ಯಾರಂಟಿ ಪ್ರಶ್ನೆ. ಪೀಠಿಕೆ, ನಾಲ್ಕು ಹಂತ, ಎಂಟು ಪಾಯಿಂಟು, ಉಪಸಂಹಾರ. ಸ್ಕೇಲಿಟ್ಟು ಅಂಡರ್‌ಲೈನ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಮದುವೆಯಾಗಿ ಬಿಬಿಎಂ ಎರಡನೇ ವರ್ಷಕ್ಕೇ ಓದು ನಿಂತಿತು. ಈಗ ಮೂವತ್ತಾರಕ್ಕೆ ಶಿಕಾಗೋದಲ್ಲಿ ಮತ್ತೆ ಮೊದಲಿಂದ ಡಿಗ್ರಿ. ವಿಷಯ ಅದೇ, ಆರ್ಗನೈಸೇಷನಲ್ ಬಿಹೇವಿಯರ್. ಕೆಲಸದ ಜಾಗದಲ್ಲಿ ಮನುಷ್ಯರು ಹೇಗೆ ಆಡುತ್ತಾರೆ ಅನ್ನೋ ಓದು.

ಮೇಡಂ ಹತ್ತಿರ ಹೋದೆ. (ಹೆಸರು ಹಿಡಿದು ಕರೆಯಬೇಕಂತೆ. ನನಗಿನ್ನೂ ನಾಲಿಗೆ ಏಳಲ್ಲ. ‘ಎಕ್ಸ್‌ಕ್ಯೂಸ್ ಮಿ’ ಅಂತ ಶುರು ಮಾಡುತ್ತೇನೆ.) ‘ನಿಮ್ಮ ಮನೆಯಲ್ಲಿ ಯಾರಾದರೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದರಾ?’ ಅಂದರು.

ಮಾಡಿದ್ದರು. ನಮ್ಮ ದೊಡ್ಡಮ್ಮ, ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿಡೋ ಕೆಲಸ. ಮನೆಗೆ ಬಂದಮೇಲೂ ಆ ಕಣ್ಣಿನ ಸುತ್ತ ಉಂಗುರದ ಗುರುತಿರುತ್ತಿತ್ತು. ನಮ್ಮ ಕ್ಲಾಸಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಒಬ್ಬರಿದ್ದರು. ಆದರೂ ವರ್ಷವಿಡೀ ಫ್ಯಾಕ್ಟರಿ ಅಂದರೆ ನಮಗೆ ಅಮೆರಿಕದ್ದೇ. ಮನೆಗೆ ಹೋಗಿ ಒಂದು ಮಾತು ಕೇಳಿಕೊಂಡು ಬನ್ನಿ ಅಂತ ಸರ್ ಹೇಳಲಿಲ್ಲ. ಕೇಳಬೇಕು ಅಂತ ನಮಗೂ ಅನ್ನಿಸಲಿಲ್ಲ. ನೋಟ್ಸ್‌ನಲ್ಲಿ ದೊಡ್ಡಮ್ಮನಿಗೆ ಜಾಗವೇ ಇರಲಿಲ್ಲ.

ಇಲ್ಲಿ ಬಂದಮೇಲೆ ಗೊತ್ತಾದ ಇನ್ನೊಂದು ವಿಷಯ ಕೇಳಿ. 1927ರಲ್ಲಿ ಹಾಥಾರ್ನ್‌ನಲ್ಲಿ ಟೆಲಿಫೋನ್ ರಿಲೇ (ಒಂಥರಾ ಸ್ವಿಚ್ಚು) ಜೋಡಿಸೋ ಐದು ಹೆಂಗಸರನ್ನೂ, ಬಿಡಿಭಾಗ ಎತ್ತಿಕೊಡೋಕೆ ಇನ್ನೊಬ್ಬಳನ್ನೂ ಬೇರೆ ಕೋಣೆಯಲ್ಲಿ ಕೂರಿಸಿದರು. ಮಧ್ಯೆ ಬಿಡುವು ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಹೊತ್ತು ಕಡಿಮೆ ಮಾಡಿದರು. ಕೆಲಸ ಜಾಸ್ತಿಯಾಯಿತು. ಗಮನ ಕೊಟ್ಟರೆ ಜನ ಚೆನ್ನಾಗಿ ದುಡಿಯುತ್ತಾರೆ ಅಂತ ನಾವು ಬರೆದು ಮಾರ್ಕ್ಸ್ ತಗೊಂಡೆವು. ಆದರೆ 1928ರ ಜನವರಿಯಲ್ಲಿ ಅವರಲ್ಲಿ ಇಬ್ಬರನ್ನು ಹೊರಗೆ ಹಾಕಿ ಬೇರೆ ಇಬ್ಬರನ್ನು ತಂದು ಕೂರಿಸಿದ್ದರು. ಮಾತು ಜಾಸ್ತಿ ಅಂತ! ನಮ್ಮ ಎಂಟು ಪಾಯಿಂಟಲ್ಲಿ ಇದು ಯಾವುದರಲ್ಲೂ ಇರಲಿಲ್ಲ.

ಅವತ್ತು ರಾತ್ರಿಯೇ ದೊಡ್ಡಮ್ಮನಿಗೆ ಫೋನ್ ಮಾಡಿ ಕಥೆಯೆಲ್ಲಾ ಹೇಳಿದೆ. ‘ಅಯ್ಯೋ, ಮಾತಾಡದೆ ಎಂಟು ಗಂಟೆ ಕೂತ್ಕೊಳ್ಳೋಕೆ ಆಗುತ್ತೇನೇ?’ ಅಂದಳು. ಸೂಪರ್‌ವೈಸರ್ ಬರೋ ಹೊತ್ತಿಗೆ ಕೊನೇ ಟೇಬಲಿನವಳು ಕೆಮ್ಮುತ್ತಿದ್ದಳಂತೆ. ಹೊಸಬಳು ಸ್ಕ್ರೂ ಬೀಳಿಸಿಕೊಂಡರೆ ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ನೆಲ ತಡಕುತ್ತಿದ್ದರಂತೆ. ಅರ್ಧ ಗಂಟೆ ಹೇಳಿದಳು. ಬರೆದುಕೊಂಡೆ. ಅದನ್ನು ಸೇರಿಸಿ ಬರೆದ ಪೇಪರಿಗೆ ‘ಎ’ ಬಂತು.

ಹಾಥಾರ್ನ್ ಫ್ಯಾಕ್ಟರಿ ಇದ್ದದ್ದು ಇಲ್ಲೇ ಪಕ್ಕದ ಸಿಸೆರೋದಲ್ಲಿ. ಹೋಗಿ ನೋಡಿದೆ. ಶಾಪಿಂಗ್ ಸೆಂಟರ್ ಎದ್ದಿದೆ, ಹಳೇ ಗೋಪುರ ಒಂದು ಉಳಿದಿದೆ. ಎಚ್‌ಎಂಟಿ ಜಾಗಕ್ಕೂ ಈಗ ಇಸ್ರೋ ಬಂದಿದೆ ಅಲ್ವಾ. ಆದರೆ ಇವರು ಹತ್ತಿರದ ಮಾರ್ಟನ್ ಕಾಲೇಜಲ್ಲಿ ಹಾಥಾರ್ನ್‌ಗೆ ಅಂತಲೇ ಒಂದು ಮ್ಯೂಸಿಯಂ ಇಟ್ಟುಕೊಂಡಿದ್ದಾರೆ. ನೋಡಿ ಹೊಟ್ಟೆಕಿಚ್ಚಾಯಿತು.

ಹಾಗಂತ ಇಲ್ಲಿ ಎಲ್ಲಾ ಸರಿ ಅಂತೇನಿಲ್ಲ. ಪಕ್ಕದ ಸೀಟಿನ ಹುಡುಗ ಪಿಜ್ಜಾ ಅಂಗಡಿಯ ಮ್ಯಾನೇಜರ್ ಕಥೆಯನ್ನೇ ಮೂರು ಪೇಪರಿಗೂ ಬರೆದ. ಹಾಥಾರ್ನ್ ಪ್ರಯೋಗದ ಜೊತೆ ಹೆಸರು ಬರೋ ಪ್ರೊಫೆಸರ್ ಮೇಯೋ ಅಂದರೆ ಬ್ರೆಡ್ಡಿಗೆ ಹಚ್ಚೋ ಮೇಯೊನೀಸ್ ಅಂದುಕೊಂಡಿದ್ದಾನೋ ಏನೋ. ‘ನನಗೆ ಹೀಗನ್ನಿಸಿತು’ ಅಂದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. ಪ್ರಯೋಗ ನಡೆದದ್ದು 1924ರಿಂದ 1932ರವರೆಗೆ ಅಂತ ಕ್ಲಾಸಲ್ಲಿ ತಟ್ಟನೆ ಹೇಳಿದವಳು ನಾನೊಬ್ಬಳೇ. ಅದು ಸರ್ ಬರೆಸಿದ ನೋಟ್ಸು. ಒಂದು ರೂಮಲ್ಲಿ ಎಂಬತ್ತು ಜನ, ಪೇಪರ್ ತಿದ್ದೋರು ಇನ್ಯಾರೋ. ಅವರಾದರೂ ಏನು ಮಾಡಿಯಾರು? ಬರೆಸಿದರು. ಹದಿನೇಳು ವರ್ಷವಾದರೂ ಮರೆತಿಲ್ಲ.

‘ಎ’ ಬಂದದ್ದನ್ನು ದೊಡ್ಡಮ್ಮನಿಗೆ ಹೇಳಿದೆ. ಖುಷಿಪಟ್ಟಳು. ಆಮೇಲೆ ಸ್ವಲ್ಪ ಅನುಮಾನದಲ್ಲೇ ಕೇಳಿದಳು: ‘ಅಲ್ಲ ಕಣೇ, ಆ ಕೆಮ್ಮಿನ ವಿಷಯಾನೂ ಬರೆದುಬಿಟ್ಟಾ?’